ಅಪ್‌ಗ್ರೇಡ್‌ಗೆ ಮುಂಚೆ ಓದಬೇಕಾದ ಆ ಪುಟವನ್ನು ಬರೆಯೋದು ಯಾರು?

2019ರ ಜುಲೈ 6ರಂದು ಡೆಬಿಯನ್ 10 ಬಿಡುಗಡೆಯಾಯಿತು. ಡೆಬಿಯನ್ ಅಂದರೆ ಲಿನಕ್ಸ್ ಆಧಾರಿತ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್. ಹೊಸ ಆವೃತ್ತಿಗೆ ಬಂದ ಎಷ್ಟೋ ಜನ ಎಂದಿನಂತೆ ಟರ್ಮಿನಲ್ ತೆರೆದರು. 'ಎಸ್‌ಯು' ಅಂತ ಟೈಪ್ ಮಾಡಿ, ಪಾಸ್‌ವರ್ಡ್ ಕೊಟ್ಟು ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ, ಆದರು. ಆಮೇಲೆ ಹೊಸ ಬಳಕೆದಾರರೊಬ್ಬರನ್ನು ಸೇರಿಸೋಣ ಅಂತ 'ಆಡ್‌ಯೂಸರ್' ಅಂದರೆ ಕಂಪ್ಯೂಟರ್ 'ಕಮಾಂಡ್ ನಾಟ್ ಫೌಂಡ್' ಅಂದುಬಿಟ್ಟಿತು. ವರ್ಷಗಟ್ಟಲೆ ಬಳಸಿದ ಕಮಾಂಡ್ ರಾತ್ರೋರಾತ್ರಿ ಎಲ್ಲಿಗೆ ಹೋಯಿತು?

ಅದು ಎಲ್ಲಿಗೂ ಹೋಗಿರಲಿಲ್ಲ. ಬದಲಾಗಿದ್ದು ಎಸ್‌ಯು. ಯಾವ ಯಾವ ಫೋಲ್ಡರಿನಲ್ಲಿ ಕಮಾಂಡ್ ಹುಡುಕಬೇಕು ಅನ್ನುವುದಕ್ಕೆ ಸಿಸ್ಟಮ್ಮಿನಲ್ಲಿ ಒಂದು ಪಟ್ಟಿ ಇರುತ್ತದೆ. ಅದಕ್ಕೆ 'ಪಾತ್' ಅಂತಾರೆ. ಹಳೆಯ ಎಸ್‌ಯು ನಿಮ್ಮನ್ನು ರೂಟ್ ಮಾಡುವಾಗ ಆ ಪಟ್ಟಿಯನ್ನೂ ರೂಟ್‌ಗೆ ತಕ್ಕಂತೆ ಬದಲಿಸುತ್ತಿತ್ತು. ಡೆಬಿಯನ್ 10ರಲ್ಲಿ ಎಸ್‌ಯು ಬರುತ್ತಿದ್ದುದು ಯುಟಿಲ್-ಲಿನಕ್ಸ್ ಅನ್ನುವ ಬೇರೆ ಪ್ಯಾಕೇಜಿನಿಂದ, ಅಂದರೆ ಬೇರೆ ಸಾಫ್ಟ್‌ವೇರ್ ಕಟ್ಟಿನಿಂದ. ಅದು ಪಟ್ಟಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಆಡಳಿತದ ಕಮಾಂಡ್‌ಗಳಿರುವ 'ಎಸ್‌ಬಿನ್' ಫೋಲ್ಡರಿನ ಕಡೆ ಕಂಪ್ಯೂಟರ್ ತಿರುಗಿಯೂ ನೋಡುತ್ತಿರಲಿಲ್ಲ. ಪರಿಹಾರ ಎಷ್ಟು ಸಣ್ಣದು ಅಂದರೆ, ಎಸ್‌ಯು ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಅಡ್ಡಗೆರೆ (-) ಹಾಕಿದರೆ ಸಾಕು.

ಎಸ್‌ಯು ನಡವಳಿಕೆ ಬದಲಾಗಿದೆ ಅನ್ನುವುದು ಆ ಆವೃತ್ತಿಯ ರಿಲೀಸ್ ನೋಟ್ಸ್‌ನಲ್ಲಿ, ಅಂದರೆ ಹೊಸ ಆವೃತ್ತಿಯ ಜೊತೆ ಬಳಕೆದಾರರಿಗೆ ಕೊಡುವ ಟಿಪ್ಪಣಿಯಲ್ಲಿ, ಬರೆದಿತ್ತು. ಪಾತ್‌ನ ವಿಷಯ, ಅಡ್ಡಗೆರೆಯ ಸಲಹೆ, ಇವು ಪ್ಯಾಕೇಜಿನ ಜೊತೆ ಬರುವ ಸುದ್ದಿ ಫೈಲಿನಲ್ಲಿದ್ದವು. ಓದಿದವರಿಗೆ ಒಂದು ನಿಮಿಷದ ಕೆಲಸ. ಓದದವರಿಗೆ ಅರ್ಧ ದಿನ ಹೋಯಿತು.

ಓದದೇ ಇರುವುದರ ಬಗ್ಗೆ ಉಪದೇಶ ಬೇಡ. ನಾವ್ಯಾರೂ ಓದಲ್ಲ, ಅಲ್ವಾ? ನನಗೆ ಕುತೂಹಲ ಇರುವುದು ಇನ್ನೊಂದು ವಿಷಯದಲ್ಲಿ. ಆ ಎರಡು ಮೂರು ಸಾಲು ಅಲ್ಲಿಗೆ ಹೇಗೆ ಬಂತು? ಎಸ್‌ಯು ಬದಲಾಗಿದ್ದು 2018ರಲ್ಲೇ. ಬಿಡುಗಡೆಯಾಗಿದ್ದು ಮರುವರ್ಷ. ಆ ನಡುವೆ ಡೆಬಿಯನ್ನಿನಲ್ಲಿ ಸಾವಿರಾರು ಪ್ಯಾಕೇಜ್ ಬದಲಾಗಿದ್ದವು. ಅಷ್ಟರಲ್ಲಿ ಇದೊಂದನ್ನು ಹೆಕ್ಕಿ, ಜನಕ್ಕೆ ಹೇಳಲೇಬೇಕು ಅಂತ ತೀರ್ಮಾನಿಸಿದವರು ಯಾರು? ಡೆಬಿಯನ್ ಒಂದು ಕಂಪನಿಯಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದಾಗಿನಿಂದ ಅದನ್ನು ನಡೆಸುತ್ತಿರುವವರು ಸ್ವಯಂಸೇವಕರು. 'ನಾಳೆ ಸಂಜೆಯೊಳಗೆ ನೋಟ್ಸ್ ಕಳಿಸಿ' ಅಂತ ಆರ್ಡರ್ ಮಾಡುವ ಮ್ಯಾನೇಜರ್ ಅಲ್ಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಚೇಂಜ್‌ಲಾಗ್ ಬೇರೆ, ರಿಲೀಸ್ ನೋಟ್ಸ್ ಬೇರೆ. ಚೇಂಜ್‌ಲಾಗ್ ಅಂದರೆ ಮಾಡಿದ ಕೆಲಸದ ದಾಖಲೆ. ಸಣ್ಣ ತಿದ್ದುಪಡಿಯಿಂದ ಹಿಡಿದು ದೊಡ್ಡ ಬದಲಾವಣೆಯವರೆಗೆ ಎಲ್ಲವೂ ಅದರಲ್ಲಿರುತ್ತದೆ, ಕೆಲಸ ಮಾಡಿದವರ ಭಾಷೆಯಲ್ಲಿ. ರಿಲೀಸ್ ನೋಟ್ಸ್ ಬಳಸುವವರಿಗಾಗಿ ಬರೆದಿದ್ದು. ಅದರಲ್ಲಿ ಬಹುಪಾಲು ವಿಷಯ ಇರಲೇಬಾರದು. ಡೆಬಿಯನ್ 13ರಲ್ಲಿ 69,830 ಪ್ಯಾಕೇಜ್ ಇದ್ದವು. ಎಲ್ಲದರ ಸುದ್ದಿಯನ್ನೂ ಹಾಕಿದರೆ ಯಾರೂ ಓದದ ಒಂದು ಗ್ರಂಥ ಆಗುತ್ತದೆ ಅಷ್ಟೆ. ಹಾಗಾಗಿ ಅಸಲಿ ಕೆಲಸ ಬರೆಯುವುದಕ್ಕಿಂತ ಜಾಸ್ತಿ, ಏನನ್ನು ಬಿಡಬೇಕು ಅನ್ನುವುದು.

ಇಲ್ಲೇ ತೊಡಕು ಇರುವುದು. ಬದಲಾವಣೆ ಮಾಡಿದವರಿಗೆ ವಿಷಯ ಚೆನ್ನಾಗಿ ಗೊತ್ತು, ಆದರೆ ಅದು ಯಾರಿಗೆ ಎಲ್ಲಿ ತೊಂದರೆ ಕೊಡುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ತೊಂದರೆ ಅನುಭವಿಸುವವರಿಗೆ ನೋವು ಗೊತ್ತು, ಕಾರಣ ಗೊತ್ತಿಲ್ಲ. ಬರೆಯಲು ಬರುವವರಿಗೆ ಎರಡೂ ಗೊತ್ತಿರುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಒಬ್ಬರೇ ಕೂತು ಒಳ್ಳೆಯ ರಿಲೀಸ್ ನೋಟ್ಸ್ ಬರೆಯುವುದು ಕಷ್ಟ ಅನ್ನುವುದು ಇದಕ್ಕೇ. ಈ ಮೂರು ಥರದ ಜನರನ್ನು ಒಂದೇ ಸಾಲಿನ ಮುಂದೆ ಕೂರಿಸಬೇಕು. ಪ್ರಾಜೆಕ್ಟ್‌ಗಳು ಮಾಡಿಕೊಂಡಿರುವ ಎಲ್ಲ ಏರ್ಪಾಡುಗಳ ಹಿಂದೆ ಇರುವುದು ಇದೊಂದೇ ಲೆಕ್ಕಾಚಾರ.

ಡೆಬಿಯನ್ ಇದಕ್ಕೆ ಹೊಸ ಯಂತ್ರವನ್ನೇನೂ ಕಟ್ಟಲಿಲ್ಲ. ಇದ್ದ ಬಗ್ ಪಟ್ಟಿಯನ್ನೇ ಬಳಸಿಕೊಂಡಿತು. ಅಲ್ಲಿ ಪ್ರತಿ ಪ್ಯಾಕೇಜಿನ ಹೆಸರಲ್ಲೂ ದೂರು ದಾಖಲಿಸಬಹುದು. ಅದರ ಜೊತೆಗೆ 'ರಿಲೀಸ್-ನೋಟ್ಸ್' ಅನ್ನುವ ಹೆಸರಲ್ಲೂ ಒಂದು ಖಾತೆ ಇದೆ. ಅಂಥ ಸಾಫ್ಟ್‌ವೇರ್ ಯಾವುದೂ ಇಲ್ಲ, ಸುಮ್ನೆ ಹೆಸರಿಗೆ ಮಾತ್ರ. 'ಈ ಬದಲಾವಣೆ ಬಗ್ಗೆ ನೋಟ್ಸ್‌ನಲ್ಲಿ ಬರೆಯಬೇಕು' ಅಂತ ಯಾರಿಗೆ ಅನ್ನಿಸಿದರೂ ಆ ಹೆಸರಿಗೆ ಒಂದು ಬಗ್ ಹಾಕಬಹುದು. ಸದಸ್ಯರಾಗಬೇಕಿಲ್ಲ, ಅನುಮತಿ ಬೇಕಿಲ್ಲ, ಒಂದು ಮೇಲ್ ಸಾಕು. ಈ ಉಪಾಯ ನನಗೆ ತುಂಬಾ ಇಷ್ಟ. ಬರೆಯದೇ ಬಿಟ್ಟ ಸಾಲನ್ನೂ ಅವರು ಒಂದು ದೋಷ ಅಂತಲೇ ಎಣಿಸುತ್ತಾರೆ. ದೋಷ ಅಂದ ಮೇಲೆ ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಚರ್ಚೆ ಒಂದೇ ಕಡೆ ಇರುತ್ತದೆ, ಯಾರಾದರೂ ಮುಗಿಸುವವರೆಗೆ ಪಟ್ಟಿಯಲ್ಲೇ ಕೂತಿರುತ್ತದೆ.

ಅದರ ಪಕ್ಕದಲ್ಲೇ 'ಅಪ್‌ಗ್ರೇಡ್-ರಿಪೋರ್ಟ್ಸ್' ಅನ್ನುವ ಇನ್ನೊಂದು ಖಾತೆ ಇದೆ. ಬಿಡುಗಡೆಗೆ ಮುಂಚೆಯೇ ಕೆಲವರು ತಮ್ಮ ಕಂಪ್ಯೂಟರನ್ನು ಹೊಸ ಆವೃತ್ತಿಗೆ ಏರಿಸಿ, ಏನಾಯಿತು ಅಂತ ಅಲ್ಲಿಗೆ ಬರೆಯುತ್ತಾರೆ. ಎಲ್ಲಾ ಸರಿಹೋಯಿತು ಅನ್ನುವ ವರದಿಯೂ ಬರಬಹುದು, ಅರ್ಧಕ್ಕೇ ನಿಂತಿತು ಅನ್ನುವುದೂ ಬರಬಹುದು. ಒಂದೇ ತೊಂದರೆ ಹಲವರಿಗೆ ಬಂದಿದ್ದರೆ ಎರಡು ದಾರಿ. ಸಾಧ್ಯವಿದ್ದರೆ ಪ್ಯಾಕೇಜನ್ನೇ ಸರಿಮಾಡುತ್ತಾರೆ. ಆಗದಿದ್ದರೆ ನೋಟ್ಸ್‌ಗೆ ಸೇರಿಸುತ್ತಾರೆ. ಡೆಬಿಯನ್ ರಿಲೀಸ್ ನೋಟ್ಸ್‌ನ ಐದನೇ ಅಧ್ಯಾಯ ಪೂರ್ತಿ ಇಂಥವಕ್ಕೇ ಮೀಸಲು, ಅಂದರೆ ಗಮನದಲ್ಲಿ ಇಟ್ಟುಕೊಳ್ಳಬೇಕಾದ ತೊಂದರೆಗಳಿಗೆ. ಸಮಯ ಇಲ್ಲ ಅನ್ನುವವರು ಬೇರೆಲ್ಲ ಬಿಟ್ಟು ಅದೊಂದನ್ನು ಓದಿದರೂ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೊಸ ಸೌಲಭ್ಯಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ.

ಪೈಥಾನ್ ಕಲಿಯುವ ಹುಡುಗರಿಗೆ ಇದು ಚೆನ್ನಾಗಿ ನೆನಪಿರಬಹುದು. 2023ರ ಜೂನ್‌ನಲ್ಲಿ ಡೆಬಿಯನ್ 12 ಬಂದಾಗ, ಪೈಥಾನ್ ಲೈಬ್ರರಿ ಹಾಕಿಕೊಳ್ಳಲು 'ಪಿಪ್ ಇನ್‌ಸ್ಟಾಲ್' ಅಂದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅನ್ನುವ ಎರರ್ ಬರಲು ಶುರುವಾಯಿತು. ಸಿಸ್ಟಮ್ಮಿನ ಪೈಥಾನ್‌ಗೆ ಕೈ ಹಾಕಬೇಡಿ, ನಿಮ್ಮದೇ ಪ್ರತ್ಯೇಕ ಜಾಗ, ಅಂದರೆ ವರ್ಚುವಲ್ ಎನ್ವಿರಾನ್‌ಮೆಂಟ್, ಮಾಡಿಕೊಳ್ಳಿ ಅನ್ನುವುದು ಅದರ ಅರ್ಥ. ಕಾರಣವೂ ಪರಿಹಾರವೂ ಅದೇ ಐದನೇ ಅಧ್ಯಾಯದಲ್ಲಿದ್ದವು.

ಬಗ್ ಹಾಕಿದ ಮೇಲೆ ಬರವಣಿಗೆ. ನೋಟ್ಸ್‌ನ ಮೂಲ ಪಠ್ಯ 'ಸಾಲ್ಸಾ' ಅನ್ನುವ ಡೆಬಿಯನ್ನಿನ ಗಿಟ್‌ಲ್ಯಾಬ್‌ನಲ್ಲಿ, ಅಂದರೆ ಕೋಡ್ ಇಟ್ಟು ಹಂಚಿಕೊಳ್ಳುವ ತಾಣದಲ್ಲಿ, ಇರುತ್ತದೆ. ಕೋಡ್ ಬದಲಿಸುವ ಹಾಗೇ ಇಲ್ಲೂ ಒಂದು ಮರ್ಜ್ ರಿಕ್ವೆಸ್ಟ್, ಅಂದರೆ 'ನನ್ನ ಬದಲಾವಣೆ ಸೇರಿಸಿಕೊಳ್ಳಿ' ಅನ್ನುವ ಕೋರಿಕೆ, ಕಳಿಸಬೇಕು. ಅದು ಗೊತ್ತಿಲ್ಲದವರು ಮೇಲ್‌ನಲ್ಲೇ ನಾಲ್ಕು ಸಾಲು ಬರೆದರೂ ನಡೆಯುತ್ತದೆ, ಬೇರೆಯವರು ಸೇರಿಸುತ್ತಾರೆ. ಆಮೇಲೆ ಇಂಗ್ಲಿಷ್ ತಿದ್ದುವ ಒಂದು ಗುಂಪು ಅದನ್ನು ನೋಡುತ್ತದೆ. ಇವರು ಸುಮ್ನೆ ವ್ಯಾಕರಣ ನೋಡುವವರಲ್ಲ. 'ಇದು ಯಾರಿಗೆ ಅನ್ವಯಿಸುತ್ತದೆ?' ಅಂತ ಕೇಳುವವರು. ಎಸ್‌ಯು ವಿಷಯವನ್ನೇ ನೋಡಿ. ಕೆಲಸ ಮಾಡಿದವರ ಕಡೆಯಿಂದ ಬಂದರೆ ಆ ಸಾಲು 'ಎಸ್‌ಯು ಈಗ ಯುಟಿಲ್-ಲಿನಕ್ಸ್ ಪ್ಯಾಕೇಜಿನಿಂದ ಬರುತ್ತದೆ' ಅಂತ ಇರುತ್ತದೆ. ಮಾತು ನಿಜವೇ. ಆದರೆ ಅದನ್ನು ಓದಿದ ಸಾಮಾನ್ಯ ಬಳಕೆದಾರರು 'ಬರಲಿ ಬಿಡಿ, ನನಗೇನು' ಅಂತ ಮುಂದೆ ಹೋಗುತ್ತಾರೆ. 'ಎಸ್‌ಯು ಮಾಡಿದ ಮೇಲೆ ಆಡಳಿತದ ಕಮಾಂಡ್‌ಗಳು ಸಿಗದೇ ಹೋಗಬಹುದು, ಅಡ್ಡಗೆರೆ ಸೇರಿಸಿ' ಅಂದರೆ ನಿಂತು ಓದುತ್ತಾರೆ. ಎರಡೂ ಒಂದೇ ಸುದ್ದಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಮಾತ್ರ ಒಂದಿಷ್ಟು ಜನರ ನಡುವೆ ಮೇಲ್ ಓಡಾಡಬೇಕು.

ಈ ಓಡಾಟದಿಂದ ಎಂಥ ಬರಹ ಹೊರಬರುತ್ತದೆ ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಡೆಬಿಯನ್ 13ರದ್ದು. ಅದು 2025ರ ಆಗಸ್ಟ್ 9ರಂದು ಬಂತು. ಆ ಆವೃತ್ತಿಯಿಂದ 'ಟಿಎಂಪಿ' ಫೋಲ್ಡರ್, ಅಂದರೆ ತಾತ್ಕಾಲಿಕ ಫೈಲ್‌ಗಳ ಜಾಗ, ಡಿಸ್ಕ್ ಬಿಟ್ಟು ಮೆಮೊರಿಗೆ ಹೋಯಿತು. ಕೇಳಿದ ಕೂಡಲೇ ಯಾರಿಗಾದರೂ ಬರುವ ಭಯ, 'ನನ್ನ ರ‍್ಯಾಮ್ ಎಲ್ಲಾ ತಿಂದುಬಿಡುತ್ತಾ?' ನೋಟ್ಸ್ ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡುತ್ತದೆ. ಗರಿಷ್ಠ ಅಂದರೆ ಮೆಮೊರಿಯ ಅರ್ಧದಷ್ಟು, ಅದೂ ಫೈಲ್‌ಗಳು ನಿಜವಾಗಿ ಇದ್ದರೆ ಮಾತ್ರ ಬಳಕೆಯಾಗುತ್ತದೆ. ಬೇಡ ಅಂದರೆ ಹಳೆಯ ಪದ್ಧತಿಗೆ ಮರಳುವುದು ಹೇಗೆ ಅನ್ನುವುದೂ ಇದೆ. ಅದೇ ವೇಳೆ ಇನ್ನೊಂದು ಬದಲಾವಣೆಯೂ ಆಯಿತು. ಟಿಎಂಪಿಯಲ್ಲಿ 10 ದಿನಕ್ಕಿಂತ ಹಳೆಯ ಫೈಲ್‌ಗಳು ತಾವಾಗಿ ಅಳಿಸಿಹೋಗುತ್ತವೆ. 'ವಾರ್' (var) ಅನ್ನುವ ಫೋಲ್ಡರಿನ ಒಳಗಿರುವ ಇನ್ನೊಂದು ಟಿಎಂಪಿಯಲ್ಲಿ 30 ದಿನ. ಇದು ನಿಜಕ್ಕೂ ಅಪಾಯದ ವಿಷಯ, ಯಾಕಂದರೆ ತಾತ್ಕಾಲಿಕ ಜಾಗವನ್ನೇ ಗೋದಾಮು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಮಾತ್ರ ಈ ನಿಯಮ ಇಟ್ಟರು. ಅಪ್‌ಗ್ರೇಡ್ ಮಾಡುವವರಿಗೆ ಹಳೆಯ ನಡವಳಿಕೆಯೇ ಮುಂದುವರಿಯಲಿ ಅಂತ ಒಂದು ಫೈಲ್ ತಾನಾಗಿ ಸೇರುತ್ತದೆ. ನೋಟ್ಸ್‌ನಲ್ಲಿ ಇದನ್ನೂ ಬಿಡಿಸಿ ಬರೆದರು.

ಗಮನಿಸಿದಿರಾ? ಏನು ಬದಲಾಗುತ್ತದೆ ಅನ್ನುವಷ್ಟೇ, ನಿಮಗೆ ಏನು ಬದಲಾಗುವುದಿಲ್ಲ ಅನ್ನುವುದೂ ಅಲ್ಲಿತ್ತು. ಇದನ್ನು ಬರೆಯದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಕಥೆ ಇದೆ, ಸ್ವಲ್ಪ ಮುಂದೆ ಹೇಳುತ್ತೇನೆ.

ಅದಕ್ಕೆ ಮುಂಚೆ ಇನ್ನೊಂದು ಪ್ರಶ್ನೆ. ಇದನ್ನೆಲ್ಲ ಯಾವಾಗ ಬರೆಯಬೇಕು? ಕೊನೆಗೆ ಬರೆಯೋಣ ಅಂದರೆ ಆಯಿತು ಕಥೆ. ಒಂದೂವರೆ ವರ್ಷದ ಹಿಂದೆ ಬದಲಾವಣೆ ಮಾಡಿದವರಿಗೆ ಅದರ ನೆನಪೇ ಇರುವುದಿಲ್ಲ. ಕೆಲವರು ಪ್ರಾಜೆಕ್ಟನ್ನೇ ಬಿಟ್ಟು ಹೋಗಿರುತ್ತಾರೆ. ಸಂಬಳದ ನೌಕರಿಯಾಗಿದ್ದರೆ ಕರೆಸಿ ಕೇಳಬಹುದು, ಸ್ವಯಂಸೇವಕರನ್ನು ಕರೆಸುವುದು ಹೇಗೆ? ಬದಲಾವಣೆ ಮಾಡುವ ದಿನವೇ ಬರೆಸಿಕೊಳ್ಳಬೇಕು. ಡೆಬಿಯನ್ ಪ್ಯಾಕೇಜ್‌ಗಳೊಳಗೆ ಇದಕ್ಕಾಗಿ 'ನ್ಯೂಸ್' ಅನ್ನುವ ಫೈಲ್ ಇಡುವ ಪದ್ಧತಿ ಇದೆ. ಬಳಸುವವರಿಗೆ ಬಿಸಿ ತಟ್ಟುವ ಸಂಗತಿಯಿದ್ದರೆ ಮಾತ್ರ ಅದರಲ್ಲಿ ಬರೆಯುತ್ತಾರೆ. ಎಸ್‌ಯು ಬದಲಾದಾಗಲೂ ಯುಟಿಲ್-ಲಿನಕ್ಸ್ ಪ್ಯಾಕೇಜಿನ ನ್ಯೂಸ್ ಫೈಲಿನಲ್ಲಿ ವಿವರ ಬಿದ್ದಿತ್ತು. ನೋಟ್ಸ್ ಬರೆಯುವವರಿಗೆ ಅದು ಕೈಗೆ ಸಿಕ್ಕ ಕಚ್ಚಾ ಸರಕು.

ಪೈಥಾನ್ ಭಾಷೆಯನ್ನು ಕಟ್ಟುವವರೂ ಬದಲಾವಣೆಯ ದಿನವೇ ಬರೆಯುತ್ತಿದ್ದರು. ಆದರೆ ಎಲ್ಲರೂ ಬರೆಯುತ್ತಿದ್ದುದು ಒಂದೇ ಫೈಲಿನಲ್ಲಿ. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಂದೇ ಪುಸ್ತಕ ಇದ್ದರೆ ಮೇಜಿನ ಮುಂದೆ ನೂಕುನುಗ್ಗಲು ಆಗುತ್ತದಲ್ಲ, ಹಾಗೇ ಆಯಿತು. ಇಬ್ಬರು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸಾಲು ಸೇರಿಸಿದರೆ ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಕಂಪ್ಯೂಟರ್‌ಗೆ ತಿಳಿಯುವುದಿಲ್ಲ. ಕೋಡ್‌ಗೂ ಕೋಡ್‌ಗೂ ಏನೂ ತಕರಾರಿಲ್ಲ, ಜಗಳ ಬರೀ ಸುದ್ದಿಯ ಸಾಲಿನದು. 2017ರಲ್ಲಿ ಪ್ರಾಜೆಕ್ಟ್ ಗಿಟ್‌ಹಬ್‌ಗೆ ಬಂದ ಮೇಲೆ ಅವರು 'ಬ್ಲರ್ಬ್' ಅನ್ನುವ ಸಣ್ಣ ಟೂಲ್ ಹಿಡಿದರು. ಈಗ ಪ್ರತಿ ಬದಲಾವಣೆಯ ಸುದ್ದಿಗೂ ಬೇರೆ ಬೇರೆ ಫೈಲ್, ಲಕೋಟೆಗೆ ಹೆಸರು ಬರೆದು ಡಬ್ಬಿಗೆ ಹಾಕಿದ ಹಾಗೆ. ಬಿಡುಗಡೆಯ ದಿನ ಎಲ್ಲವನ್ನೂ ಒಟ್ಟು ಸೇರಿಸುತ್ತಾರೆ. ಸುದ್ದಿ ಬರೆಯದೇ ಕೋಡ್ ಕಳಿಸಿದರೆ ಬಾಟ್, ಅಂದರೆ ತಾನಾಗಿ ಓಡುವ ಪ್ರೋಗ್ರಾಂ, ಕೇಳುತ್ತದೆ. ನಿಜಕ್ಕೂ ಹೇಳುವಂಥದ್ದು ಏನೂ ಇಲ್ಲದಿದ್ದರೆ 'ಸ್ಕಿಪ್ ನ್ಯೂಸ್' ಅನ್ನುವ ಲೇಬಲ್ ಹಾಕಿಸಿಕೊಳ್ಳಬೇಕು.

ಕುಬರ್ನೆಟೀಸ್ ಅಂದರೆ ಅನೇಕ ಕಂಪ್ಯೂಟರ್‌ಗಳ ಮೇಲೆ ಕಂಟೇನರ್‌ಗಳನ್ನು, ಅಂದರೆ ಕಟ್ಟಿಟ್ಟ ಸಾಫ್ಟ್‌ವೇರನ್ನು, ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ. ಅಲ್ಲಿ ಇಂಥ ಬಾಟ್ ಇನ್ನೂ ಜೋರು. ಪುಲ್ ರಿಕ್ವೆಸ್ಟ್ (ಮರ್ಜ್ ರಿಕ್ವೆಸ್ಟ್‌ಗೇ ಇನ್ನೊಂದು ಹೆಸರು) ಕಳಿಸುವ ಫಾರಂನಲ್ಲೇ ರಿಲೀಸ್ ನೋಟ್ ಬರೆಯಲು ಜಾಗ ಇದೆ. ಏನಾದರೂ ಬರೆಯಿರಿ, ಇಲ್ಲವೇ 'ನನ್' (NONE), ಅಂದರೆ ಏನೂ ಇಲ್ಲ, ಅಂತ ಹಾಕಿ. ಖಾಲಿ ಬಿಟ್ಟರೆ ಕೋಡ್ ಒಳಗೇ ಹೋಗುವುದಿಲ್ಲ. ಬಳಸುವವರು ಏನಾದರೂ ಮಾಡಲೇಬೇಕಾದ ಬದಲಾವಣೆ ಆಗಿದ್ದರೆ 'ಆಕ್ಷನ್ ರಿಕ್ವೈರ್ಡ್' ಅಂತ ಸೇರಿಸಬೇಕು. ಅಂಥವೆಲ್ಲ ನೋಟ್ಸ್‌ನ ತಲೆಯ ಮೇಲೆ ಬಂದು ಕೂರುತ್ತವೆ. ಆ ಭಾಗದ ತಲೆಬರಹದ ಕೆಳಗೆ, 'ಇಲ್ಲ, ನಿಜವಾಗ್ಲೂ, ಅಪ್‌ಗ್ರೇಡ್‌ಗೆ ಮುಂಚೆ ಇದನ್ನು ಓದಲೇಬೇಕು' ಅನ್ನುವ ಅರ್ಥದ ಸಾಲು ಇದೆ. ಎಷ್ಟು ಜನಕ್ಕೆ ಎಷ್ಟು ಸಲ ಹೇಳಿ ಸೋತು ಹಾಗೆ ಬರೆದರೋ!

ಬಾಟ್ ಸಂಗ್ರಹಿಸುತ್ತದೆ ನಿಜ, ಸಂಗ್ರಹವಾಗಿದ್ದೆಲ್ಲ ಓದುವ ಹಾಗಿರುವುದಿಲ್ಲ. ಇಲ್ಲಿಂದ ಮುಂದಿನದು ಮನುಷ್ಯರ ಕೆಲಸ. ಕುಬರ್ನೆಟೀಸ್‌ನ ಪ್ರತಿ ಬಿಡುಗಡೆಗೂ ಒಂದು ರಿಲೀಸ್ ತಂಡ ಕಟ್ಟುತ್ತಾರೆ. ವರ್ಷಕ್ಕೆ ಮೂರು ಬಿಡುಗಡೆ. ಪ್ರತಿ ಜವಾಬ್ದಾರಿಗೂ ಒಬ್ಬರು ಲೀಡ್, ಅವರ ಜೊತೆ ಕೆಲಸ ಕಲಿಯುವ ಕೆಲವರು. ಕಲಿಯುವವರಿಗೆ 'ಶ್ಯಾಡೋ' ಅಂತ ಹೆಸರು. ಈ ಸಲದ ಶ್ಯಾಡೋ ಮುಂದಿನ ಸಲ ಲೀಡ್ ಆಗಬಹುದು. ಕೋಡ್ ಬರೆಯಲು ಬರಲೇಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ಕ್ಲೌಡ್ ಕೆಲಸ ಮಾಡುವ ಎಷ್ಟೋ ಜನ ದಿನಾ ಬಳಸುವ ಸಾಫ್ಟ್‌ವೇರ್ ಇದು. ಒಳಗೆ ಹೋಗಲು ಇದಕ್ಕಿಂತ ಸುಲಭದ ಬಾಗಿಲು ಅಲ್ಲಿ ಕಡಿಮೆ. ಇಲ್ಲೊಂದು ಮಾತು ಹೇಳಿಬಿಡಬೇಕು. ಕುಬರ್ನೆಟೀಸ್‌ಗೆ ಕೋಡ್ ಬರೆಯುವ ಬಹಳ ಜನಕ್ಕೆ ಅವರವರ ಕಂಪನಿ ಸಂಬಳ ಕೊಡುತ್ತದೆ. ಡೆಬಿಯನ್ ಥರದ ಸ್ವಯಂಸೇವೆ ಅಂತ ಪೂರ್ತಿ ಹೇಳಲಾಗದು.

ಈಗ ಆ ಕಥೆ. 2020ರ ಡಿಸೆಂಬರ್‌ನಲ್ಲಿ ಕುಬರ್ನೆಟೀಸ್ 1.20 ಬಂತು. ಬಿಡುಗಡೆಗೆ ಮುಂಚೆಯೇ ಜನರ ಕಣ್ಣಿಗೆ ಬಿದ್ದಿದ್ದ ಅದರ ನೋಟ್ಸ್‌ನಲ್ಲಿ ಹೀಗೊಂದು ಸುದ್ದಿ ಇತ್ತು: ಕುಬ್‌ಲೆಟ್‌ನಲ್ಲಿರುವ ಡಾಕರ್ ಬೆಂಬಲವನ್ನು ಕೈಬಿಡುವ ದಾರಿಗೆ ಹಾಕಿದ್ದೇವೆ, ಮುಂದೊಂದು ಆವೃತ್ತಿಯಲ್ಲಿ ತೆಗೆಯುತ್ತೇವೆ. ಕುಬ್‌ಲೆಟ್ ಅಂದರೆ ಪ್ರತಿ ಕಂಪ್ಯೂಟರಿನಲ್ಲೂ ಕೂತು ಕಂಟೇನರ್ ಓಡಿಸುವ ಕುಬರ್ನೆಟೀಸ್‌ನ ಭಾಗ. ಡಾಕರ್ ಅಂದರೆ ಕಂಟೇನರ್ ಕಟ್ಟಿ ಓಡಿಸುವ ಟೂಲ್. ಬರೆದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಾರಣವನ್ನೂ ಹೇಳಿದ್ದರು. ಆದರೆ ಓದಿದವರ ಕಿವಿಗೆ ಬಿದ್ದಿದ್ದು 'ಡಾಕರ್ ಹೋಯಿತು' ಅಂತ. ಊರೆಲ್ಲ ಗುಲ್ಲೆದ್ದಿತು. ಆಗ ಕಂಟೇನರ್ ಅಂದರೆ ಡಾಕರ್ ಅನ್ನುವ ಹಾಗಿತ್ತು ಪರಿಸ್ಥಿತಿ.

ನಿಜವಾಗಿ ಹೋಗುತ್ತಿದ್ದುದು 'ಡಾಕರ್‌ಶಿಮ್' ಅನ್ನುವ ಒಂದು ನಡುವಿನ ತುಂಡು. ಕುಬರ್ನೆಟೀಸ್ ಮತ್ತು ಡಾಕರ್ ನಡುವೆ ದುಭಾಷಿ ಕೆಲಸ ಮಾಡುತ್ತಿದ್ದ ಕೋಡ್ ಅದು. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಬಳಸಿ ಇಮೇಜ್, ಅಂದರೆ ಕಂಟೇನರಿನ ಅಚ್ಚು, ಕಟ್ಟುತ್ತಿದ್ದ ಡೆವಲಪರ್‌ಗಳಿಗೆ ಯಾವ ತೊಂದರೆಯೂ ಇರಲಿಲ್ಲ. ಆ ಇಮೇಜ್‌ಗಳು ಮುಂದೆಯೂ ಓಡುತ್ತಿದ್ದವು. ಕ್ಲಸ್ಟರ್, ಅಂದರೆ ಕಂಪ್ಯೂಟರ್‌ಗಳ ಗುಂಪು, ನಡೆಸುವವರು ಮಾತ್ರ ಕಂಟೇನರ್ ಓಡಿಸುವ ರನ್‌ಟೈಮ್ ಬದಲಿಸಿಕೊಳ್ಳಬೇಕಿತ್ತು, ಅದಕ್ಕೂ ಸಮಯ ಇತ್ತು. ಆ ತುಂಡನ್ನು ಕೊನೆಗೆ ತೆಗೆದಿದ್ದು 2022ರ ಮೇನಲ್ಲಿ, 1.24ರಲ್ಲಿ. ಆದರೆ ಇಷ್ಟೆಲ್ಲ ಆ ಪುಟ್ಟ ಸುದ್ದಿಯಲ್ಲಿ ಇರಲಿಲ್ಲ. ಗಾಬರಿಯಾಗಬೇಡಿ ಅಂತಲೇ ತಲೆಬರಹ ಕೊಟ್ಟು ಪ್ರಾಜೆಕ್ಟ್ ಡಿಸೆಂಬರ್ 2ರಂದು ಬೇರೆ ಲೇಖನವನ್ನೇ ಬರೆಯಬೇಕಾಯಿತು, ಜೊತೆಗೆ ಪ್ರಶ್ನೋತ್ತರವನ್ನೂ.

ನನ್ನ ಪ್ರಕಾರ ಅಲ್ಲಿ ಬಿಟ್ಟುಹೋಗಿದ್ದು ಒಂದೇ ಸಾಲು. 'ನೀವು ಡಾಕರ್‌ನಿಂದ ಇಮೇಜ್ ಕಟ್ಟುವವರಾಗಿದ್ದರೆ ನಿಮಗೆ ಇದು ತಟ್ಟುವುದಿಲ್ಲ' ಅನ್ನುವುದು. ಬರೆದವರನ್ನು ದೂರಿ ಪ್ರಯೋಜನವಿಲ್ಲ. ಕುಬ್‌ಲೆಟ್ ಒಳಗೆ ಕೆಲಸ ಮಾಡುವವರಿಗೆ ಅದು ಹೇಳಬೇಕಾದ ಸಂಗತಿ ಅಂತ ಹೊಳೆಯುವುದೇ ಕಷ್ಟ. ಹೊರಗಿನವರು ಯಾರಾದರೂ ಮುಂಚೆ ಓದಿ 'ಅಂದ್ರೆ ನಾನು ಡಾಕರ್ ಬಳಸೋ ಹಾಗಿಲ್ವಾ?' ಅಂತ ಪೆದ್ದು ಪ್ರಶ್ನೆ ಕೇಳಬೇಕು. ರಿಲೀಸ್ ನೋಟ್ಸ್ ತಂಡಕ್ಕೆ ಹೊಸಬರು ಬೇಕಾಗುವುದು ಇದಕ್ಕೆ. ಅನುಭವ ಹೆಚ್ಚಾದಷ್ಟೂ ಪೆದ್ದು ಪ್ರಶ್ನೆ ಕೇಳುವ ಶಕ್ತಿ ಹೋಗಿಬಿಡುತ್ತದೆ.

ಎಲ್ಲವನ್ನೂ ಎಐಗೆ ಕೊಟ್ಟರೆ ಬರೆಯಲ್ವಾ ಅಂತ ಈಗ ಕೇಳುವವರಿದ್ದಾರೆ. ಬರೆಯುತ್ತದೆ. ಬದಲಾವಣೆಗಳ ಪಟ್ಟಿ ಕೊಟ್ಟರೆ ಚೆಂದದ ಸಾರಾಂಶ ಕೊಡುತ್ತದೆ, ಕಾಗುಣಿತ ತಿದ್ದುತ್ತದೆ. ಆದರೆ ಯಾರ ಮನೆಯ ಹಳೆಯ ನೆಟ್‌ವರ್ಕ್ ಕಾರ್ಡ್ ಅಪ್‌ಗ್ರೇಡ್ ಆದ ಮೇಲೆ ಎದ್ದೇಳಲಿಲ್ಲ ಅನ್ನುವುದು ಕೋಡಿನಲ್ಲಿ ಬರೆದಿರುವುದಿಲ್ಲ. ಆ ಕಾರ್ಡ್ ಇರುವವರು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಅನುವಾದದ ಕಡೆ ಬಂದರೆ ಪಾಡು ಇನ್ನೊಂದು ಥರ. ಡೆಬಿಯನ್ನಿನ ಇನ್‌ಸ್ಟಾಲರ್ ಕನ್ನಡದಲ್ಲಿದೆ, ರಿಲೀಸ್ ನೋಟ್ಸ್ ಇಲ್ಲ. ಇನ್‌ಸ್ಟಾಲರ್‌ನ ವಾಕ್ಯಗಳು ಸಣ್ಣವು, ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ನೋಟ್ಸ್ ಉದ್ದ, ಅದೂ ಕೊನೆಯ ವಾರದವರೆಗೆ ಬದಲಾಗುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಒಂದು ಸಾಲು ತಿದ್ದಿದರೆ ಎಲ್ಲ ಭಾಷೆಗಳಲ್ಲೂ ಆ ಸಾಲಿಗೆ 'ಫಜಿ' ಅನ್ನುವ ಗುರುತು ಬೀಳುತ್ತದೆ. ಅಂದರೆ ಮತ್ತೆ ನೋಡಬೇಕು. ಜರ್ಮನ್, ಫ್ರೆಂಚ್ ತಂಡಗಳು ಅದರ ಹಿಂದೆ ಓಡುತ್ತಲೇ ಇರುತ್ತವೆ. ಅದಕ್ಕೇ ಕಡೆಯ ಗಳಿಗೆಯಲ್ಲಿ ಇಂಗ್ಲಿಷ್ ಚೆಂದ ಮಾಡಲು ಬರುವವರ ಮೇಲೆ ಅನುವಾದಕರಿಗೆ ಸ್ವಲ್ಪ ಸಿಟ್ಟು ಇರುವುದು ಸಹಜ. ಬಿಡುಗಡೆಯಾದ ಮೇಲೂ ಇದು ನಿಲ್ಲುವುದಿಲ್ಲ. ನಂತರ ಗೊತ್ತಾದ ತೊಂದರೆಗಳನ್ನೂ ಸೇರಿಸುತ್ತಾ ಹೋಗುತ್ತಾರೆ. ಇತ್ತೀಚಿನ ಪ್ರತಿಯನ್ನು ಡೆಬಿಯನ್ ಜಾಲತಾಣದಲ್ಲೇ ಓದಿ ಅಂತ ನೋಟ್ಸ್ ತಾನೇ ಹೇಳುತ್ತದೆ.

ಕೈ ಜೋಡಿಸುವ ಮನಸ್ಸಿದ್ದರೆ ಮೊದಲ ಹೆಜ್ಜೆ ಬರವಣಿಗೆಯೇ ಆಗಬೇಕಿಲ್ಲ. ಡೆಬಿಯನ್ 14ರ ಹೆಸರು 'ಫೋರ್ಕಿ'. ಅದು ಫ್ರೀಜ್ ಆದ ಮೇಲೆ, ಅಂದರೆ ಹೊಸ ಬದಲಾವಣೆ ನಿಲ್ಲಿಸಿ ತಪ್ಪು ತಿದ್ದುವುದಕ್ಕೆ ಇಳಿದ ಮೇಲೆ, ಒಂದು ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೇ ಓಡುವ ನಕಲಿ ಕಂಪ್ಯೂಟರಿನಲ್ಲಿ) ಡೆಬಿಯನ್ 13 ಹಾಕಿ. ನೀವು ದಿನಾ ಬಳಸುವ ಸಾಫ್ಟ್‌ವೇರ್‌ಗಳನ್ನೆಲ್ಲ ಅದರಲ್ಲಿ ಸೇರಿಸಿ. ಕನ್ನಡ ಕೀಬೋರ್ಡ್, ಕನ್ನಡ ಫಾಂಟ್‌ಗಳು, ಪ್ರಿಂಟರ್ ಎಲ್ಲವೂ ಇರಲಿ. ಇವನ್ನು ನಮ್ಮವರು ಪರೀಕ್ಷಿಸದಿದ್ದರೆ ಬೇರೆ ಯಾರೂ ಪರೀಕ್ಷಿಸುವುದಿಲ್ಲ. ಆಮೇಲೆ ನೋಟ್ಸ್‌ನ ಕರಡಿನ ನಾಲ್ಕನೇ ಅಧ್ಯಾಯದಲ್ಲಿ ಹೇಳಿದ ಹಾಗೇ, ಒಂದೊಂದೇ ಸಾಲು ಓದುತ್ತಾ ಅಪ್‌ಗ್ರೇಡ್ ಮಾಡಿ. ಬುದ್ಧಿ ಉಪಯೋಗಿಸಿ ಅಡ್ಡದಾರಿ ಹಿಡಿಯಬೇಡಿ. ಎಲ್ಲಿ ತಡವರಿಸಿದಿರೋ ಅದನ್ನು ಅಪ್‌ಗ್ರೇಡ್-ರಿಪೋರ್ಟ್ಸ್‌ಗೆ ಬರೆಯಿರಿ: ಮುಂಚೆ ಏನಿತ್ತು, ಯಾವ ಕಮಾಂಡ್ ಕೊಟ್ಟಿರಿ, ತೆರೆಯ ಮೇಲೆ ಏನು ಬಂತು, ಹೇಗೆ ಸರಿಯಾಯಿತು. ಎರರ್ ಬಂದಿದ್ದರೆ ನಿಮ್ಮ ಮಾತಿನಲ್ಲಿ ವಿವರಿಸುವ ಬದಲು ಅದನ್ನೇ ಪೂರ್ತಿ ಅಂಟಿಸಿ. ಇಂಗ್ಲಿಷ್ ಹೇಗಿದ್ದರೂ ಪರವಾಗಿಲ್ಲ, ತಿದ್ದುವವರು ಅಲ್ಲೇ ಇದ್ದಾರೆ.